ಬಮ್ಮರ್: ಸಣ್ಣ ನಿರಾಸೆಗೆ ಒಂದು ಸಣ್ಣ ಪದ

(ಇಂಗ್ಲಿಷ್ ಆಡುಮಾತಿನ ಬಗ್ಗೆ ಕಾಲೇಜು ವಿದ್ಯಾರ್ಥಿಗಳ ಮುಂದೆ ಮಾಡಿದ ಉಪನ್ಯಾಸದ ಬರಹ ರೂಪ. ಕೊನೆಗೆ ಕೇಳಿಬಂದ ಪ್ರಶ್ನೆಗಳಲ್ಲಿ ಎರಡನ್ನು ಸೇರಿಸಿದ್ದೇನೆ.)

ಎಲ್ಲರಿಗೂ ನಮಸ್ಕಾರ.

ಇವತ್ತು ಒಂದೇ ಒಂದು ಪದದ ಬಗ್ಗೆ ಮಾತಾಡುತ್ತೇನೆ. ಬಮ್ಮರ್. ಅಮೆರಿಕದವರ ಬಾಯಲ್ಲಿ ದಿನಾ ಓಡಾಡುವ ಪದ ಇದು. ನಮ್ಮ ಇಂಗ್ಲಿಷ್ ಪಠ್ಯಪುಸ್ತಕಗಳಲ್ಲಿ ಹುಡುಕಿದರೂ ಸಿಗುವುದು ಕಷ್ಟ. ಅಲ್ಲಿ ನಮಗೆ ಕಲಿಸುವುದು ಡಿಸಪಾಯಿಂಟ್‌ಮೆಂಟ್ ಅನ್ನುವ ಉದ್ದ ಪದ. ಅರ್ಜಿ ಬರೆಯುವಾಗ, ಪ್ರಬಂಧ ಬರೆಯುವಾಗ ಅದು ಬೇಕು. ಆದರೆ ಭಾನುವಾರದ ಪಿಕ್ನಿಕ್ ಮಳೆಯಿಂದ ನಿಂತುಹೋದರೆ ಯಾವ ಅಮೆರಿಕನ್ನನೂ ಆ ಉದ್ದ ಪದ ಹೇಳುವುದಿಲ್ಲ. "ಬಮ್ಮರ್" ಅನ್ನುತ್ತಾನೆ. ಅಷ್ಟೇ.

ಬಮ್ಮರ್ ಅಂದರೆ ಬೇಜಾರು ತರುವ ಸಂಗತಿ. ಟಿಕೆಟ್ ಖಾಲಿಯಾಯಿತು. ಊರಿಗೆ ಹೊರಟಿದ್ದವನ ವಿಮಾನ ರದ್ದಾಯಿತು. ತುಂಬಾ ಇಷ್ಟದ ಹೋಟೆಲ್ ಬಾಗಿಲು ಹಾಕಿತು. ಇವೆಲ್ಲ ಬಮ್ಮರ್. ಮನೆ ಮುರಿದು ಬಿದ್ದಿಲ್ಲ, ಯಾರಿಗೂ ಏಟಾಗಿಲ್ಲ, ಆದರೂ ಮನಸ್ಸು ಸಪ್ಪಗಾಗಿದೆ. ಆ ಸಪ್ಪೆತನಕ್ಕೆ ಇಟ್ಟ ಹೆಸರು ಇದು.

ನಿರಾಸೆಗೂ ಒಂದು ಅಳತೆ ಇದೆ ಅಂತ ನಾನು ನಂಬಿದ್ದೇನೆ. ಆ ಅಳತೆಗೆ ತಕ್ಕ ಪದ ಹುಡುಕಿ ಆಡುವುದೂ ಎದುರಿನವರಿಗೆ ತೋರಿಸುವ ಪ್ರೀತಿಯೇ. ಒಂದು ಆಡುಪದವನ್ನು ಇಷ್ಟು ಹೊತ್ತು ಹಿಡಿದು ಮಾತಾಡಲು ನನಗಿರುವ ಕಾರಣ ಅದೇ.

ಮೊದಲು ಈ ಪದ ಎಲ್ಲಿಂದ ಬಂತು ನೋಡೋಣ. ಇದರ ದಾರಿ ನೇರವಾಗಿಲ್ಲ.

ಜರ್ಮನ್ ಭಾಷೆಯಲ್ಲಿ ಬುಮ್ಮೆಲ್ನ್ ಅಂತ ಒಂದು ಕ್ರಿಯಾಪದ ಇದೆ. ಸುಮ್ನೆ ಅಡ್ಡಾಡುವುದು, ಕೆಲಸವನ್ನು ಎಳೆದಾಡುವುದು ಅಂತ ಅರ್ಥ. ಜರ್ಮನರು ಇವತ್ತಿಗೂ ಇದನ್ನು ಬಳಸುತ್ತಾರೆ. ಪ್ರತಿ ಸ್ಟೇಷನ್ನಿನಲ್ಲೂ ನಿಂತು ನಿಂತು ಹೋಗುವ ರೈಲಿಗೆ ಅವರು ಬುಮ್ಮೆಲ್‌ತ್ಸುಗ್ ಅನ್ನುತ್ತಾರೆ. ಹೀಗೆ ಅಡ್ಡಾಡಿಕೊಂಡು ಕಾಲ ಕಳೆಯುವವನು ಬುಮ್ಲರ್. 1848ರಲ್ಲಿ ಜರ್ಮನ್ ನಾಡುಗಳಲ್ಲಿ ದಂಗೆಗಳಾದವು. ಅದಾದ ಮೇಲೆ ಲಕ್ಷಾಂತರ ಜರ್ಮನರು ಹಡಗು ಹತ್ತಿ ಅಮೆರಿಕಕ್ಕೆ ಹೋದರು. 1850ರ ದಶಕದಲ್ಲಿ ಅಮೆರಿಕನ್ ಇಂಗ್ಲಿಷಿನಲ್ಲಿ ಬಮ್ಮರ್ ಕಾಣಿಸಿಕೊಂಡಿತು. ಆಗ ಅದರ ಅರ್ಥ ಸೋಮಾರಿ, ಬೇರೆಯವರ ಗಂಟಿನಲ್ಲಿ ಬದುಕುವವನು. ಹೆಚ್ಚಿನ ನಿಘಂಟುಗಳು ಜರ್ಮನ್ ಪದವೇ ಇದರ ಮೂಲ ಅನ್ನುತ್ತವೆ. ಅಂದರೆ ಶುರುವಿನಲ್ಲಿ ನಿರಾಸೆಗೂ ಈ ಪದಕ್ಕೂ ಸಂಬಂಧವೇ ಇರಲಿಲ್ಲ.

ಆಮೇಲೆ ಅಮೆರಿಕದ ಉತ್ತರದ ರಾಜ್ಯಗಳಿಗೂ ದಕ್ಷಿಣದ ರಾಜ್ಯಗಳಿಗೂ ನಡುವೆ ಅಂತರ್ಯುದ್ಧ ಬಂತು. ಇದನ್ನು ಸ್ವಲ್ಪ ವಿವರವಾಗಿ ಹೇಳುತ್ತೇನೆ, ಯಾಕೆಂದರೆ ಈ ಪದ ದೇಶಕ್ಕೆಲ್ಲ ಪರಿಚಯವಾದದ್ದು ಆ ಯುದ್ಧದಲ್ಲಿ. 1864ರ ನವೆಂಬರ್‌ನಲ್ಲಿ ಉತ್ತರದ ಸೇನಾಪತಿ ವಿಲಿಯಂ ಶರ್ಮನ್ ಅಟ್ಲಾಂಟಾದಿಂದ ಸಮುದ್ರ ತೀರದ ಸವಾನ್ನಾ ಕಡೆಗೆ ಹೊರಟ. ಜೊತೆಗೆ ಸುಮಾರು 60,000 ಸೈನಿಕರು. ಹಿಂದಿನಿಂದ ಆಹಾರ ತರಿಸಿಕೊಳ್ಳುವ ದಾರಿಯನ್ನು ಅವನೇ ಬಿಟ್ಟುಕೊಟ್ಟಿದ್ದ. ಹೋಗುವ ದಾರಿಯಲ್ಲಿ ಸಿಕ್ಕಿದ್ದನ್ನು ಧಾರಾಳವಾಗಿ ತೆಗೆದುಕೊಂಡು ಬದುಕಿ ಅಂತ ಆದೇಶ ಕೊಟ್ಟಿದ್ದ. ಅದೇ ಆದೇಶದಲ್ಲಿ ಜನರ ಮನೆಯೊಳಗೆ ಕಾಲಿಡಬೇಡಿ ಎಂದೂ ಇತ್ತು. ಹಸಿದ ಸೈನಿಕರು ಮೊದಲ ಭಾಗವನ್ನು ಪಾಲಿಸಿದರು. ಎರಡನೆಯದನ್ನು ಎಷ್ಟೋ ಕಡೆ ಮುರಿದರು. ದಂಡಿನಿಂದ ಬೇರೆಯಾಗಿ ಹಳ್ಳಿ ಹಳ್ಳಿ ಸುತ್ತಿದರು. ಹಂದಿ, ಕೋಳಿ, ಜೋಳ, ಹೇಸರಗತ್ತೆ, ಕೈಗೆ ಸಿಕ್ಕಿದ್ದನ್ನೆಲ್ಲ ಹೊತ್ತು ತಂದರು. ಇವರಿಗೆ ಬಂದ ಹೆಸರು ಬಮ್ಮರ್ಸ್. ಡಿಸೆಂಬರ್ 21ರಂದು ಸೈನ್ಯ ಸವಾನ್ನಾ ಹಿಡಿಯುವ ಹೊತ್ತಿಗೆ, ಆ ಊರುಗಳಿರುವ ಜಾರ್ಜಿಯಾ ರಾಜ್ಯದ ಮನೆಮನೆಗೂ ಈ ಪದ ಗೊತ್ತಾಗಿತ್ತು.

ಒಂದೇ ಪದವನ್ನು ಎರಡು ಕಡೆಯವರು ಬೇರೆ ಬೇರೆ ಥರ ಕೇಳಿಸಿಕೊಂಡರು. ಶರ್ಮನ್ನನ ಸೈನಿಕರಿಗೆ ಅದು ಹೆಮ್ಮೆಯ ಅಡ್ಡಹೆಸರು. ಚಳಿಗಾಲಕ್ಕೆ ಕೂಡಿಟ್ಟ ಕಾಳು ಕಳೆದುಕೊಂಡ ದಕ್ಷಿಣದ ರೈತನಿಗೆ ಅದು ಬೈಗುಳ. ಆಡುಪದ ಕಲಿಯುವಾಗ ನಾವು ನಿಘಂಟು ನೋಡಿ ಮುಗಿಸಬಾರದು. ಯಾರು, ಯಾರಿಗೆ ಹೇಳುತ್ತಿದ್ದಾರೆ ಅನ್ನುವುದನ್ನೂ ನೋಡಬೇಕು. ಬಮ್ಮರ್ ಹುಟ್ಟಿದ ಕಾಲದಿಂದಲೂ ಹಾಗೆಯೇ ಇದೆ.

ಅದೇ ಕಾಲಕ್ಕೆ ಪದ ಮೊಟಕಾಗಿ ಬಮ್ ಆಯಿತು. ಕೆಲಸವಿಲ್ಲದೆ ಅಲೆಯುವವನು ಬಮ್. ಜೊತೆಗೆ ಅದು ಗುಣವಾಚಕವೂ ಆಯಿತು. ಕೆಟ್ಟದ್ದು, ಕೈಕೊಡುವಂಥದ್ದು ಅನ್ನುವ ಅರ್ಥ ಬಂತು. ಬಮ್ ರ‍್ಯಾಪ್ ಅಂದರೆ ಮಾಡದ ತಪ್ಪಿಗೆ ಬಂದ ಆರೋಪ. ಬಮ್ ಸ್ಟಿಯರ್ ಅಂದರೆ ದಾರಿ ತಪ್ಪಿಸುವ ಸಲಹೆ. ನೋಯುವ ಮಂಡಿಗೆ ಬಮ್ ನೀ. ಅರ್ಥ ಜಾರಿದ್ದು ಇಲ್ಲಿ. ಕೈಲಾಗದ ಮನುಷ್ಯನಿಂದ ಕೈಕೊಡುವ ವಸ್ತುವಿಗೆ ಪದ ದಾಟಿತು.

ಈ ದಾಟುವಿಕೆಗೆ ಒಂದು ಚಂದದ ಉದಾಹರಣೆ ಬೇಸ್‌ಬಾಲಿನಲ್ಲಿದೆ. ನ್ಯೂಯಾರ್ಕಿನ ಬ್ರೂಕ್ಲಿನ್‌ನಲ್ಲಿ ಡಾಡ್ಜರ್ಸ್ ಅಂತ ಒಂದು ತಂಡ ಇತ್ತು. ಅದರ ಅಭಿಮಾನಿಗಳು ತಮ್ಮ ತಂಡವನ್ನು ಪ್ರೀತಿಯಿಂದ ಬಮ್ಸ್ ಅಂತ ಬೈಯುತ್ತಿದ್ದರು. ವ್ಯಂಗ್ಯಚಿತ್ರಕಾರ ವಿಲಾರ್ಡ್ ಮುಲಿನ್ ಹರಕು ಬಟ್ಟೆಯ ಒಬ್ಬ ಬಮ್‌ನನ್ನು ಬರೆದು, ಅವನೇ ತಂಡದ ಗುರುತು ಅನ್ನುವಂತೆ ಮಾಡಿದ. ಈ ತಂಡ 1941, 1947, 1949, 1952, 1953ರಲ್ಲಿ ವರ್ಲ್ಡ್ ಸೀರೀಸ್ ತನಕ, ಅಂದರೆ ಬೇಸ್‌ಬಾಲಿನ ವರ್ಷದ ಫೈನಲ್ ತನಕ ಹೋಯಿತು. ಐದು ಸಲವೂ ಸೋತಿತು. ಐದು ಸಲವೂ ಅದೇ ಊರಿನ ಯಾಂಕೀಸ್ ಎದುರು. ಸೋತಾಗಲೆಲ್ಲ ಬ್ರೂಕ್ಲಿನ್ ಜನ ಹೇಳುತ್ತಿದ್ದ ಮಾತು, "ವೇಟ್ ಟಿಲ್ ನೆಕ್ಸ್ಟ್ ಇಯರ್". ಮುಂದಿನ ವರ್ಷ ನೋಡ್ತಾ ಇರಿ ಅಂತ. 1955ರ ಅಕ್ಟೋಬರ್ 4ರಂದು ಕೊನೆಗೂ ಗೆದ್ದರು. ಮರುದಿನ ನ್ಯೂಯಾರ್ಕಿನ ಡೈಲಿ ನ್ಯೂಸ್ ಪತ್ರಿಕೆ ದೊಡ್ಡಕ್ಷರದಲ್ಲಿ "ಹೂಸ್ ಎ ಬಮ್!" ಅಂತ ತಲೆಬರಹ ಕೊಟ್ಟಿತು. ಯಾರೀಗ ಬಮ್ ಅನ್ನೋರು?

ನಿಮ್ಮಲ್ಲಿ ಕೆಲವರು ಆಗಲೇ ನಗುತ್ತಿದ್ದೀರಿ. "ಈ ಸಲ ಕಪ್ ನಮ್ದೇ" ನೆನಪಾಯಿತು, ಅಲ್ವಾ? 2009, 2011, 2016. ಐಪಿಎಲ್‌ನಲ್ಲಿ ನಮ್ಮ ಆರ್‌ಸಿಬಿಗೆ ಮೂರು ಫೈನಲ್, ಮೂರು ಸೋಲು. ಮೂರನೆಯದಂತೂ ನಮ್ಮ ಚಿನ್ನಸ್ವಾಮಿ ಮೈದಾನದಲ್ಲೇ, ಬರೀ 8 ರನ್ನಿನಿಂದ. ಅಷ್ಟು ವರ್ಷ ಅದನ್ನು ತಡೆದುಕೊಂಡ ಅಭಿಮಾನಿಗಳಿಗೆ ಬಮ್ಮರ್ ಪದದ ಅರ್ಥವನ್ನು ನಾನು ಕಲಿಸಬೇಕಾಗಿಲ್ಲ. ಸೋತ ರಾತ್ರಿ ಊಟ ಸೇರುವುದಿಲ್ಲ. ಬೆಳಗ್ಗೆ ಎದ್ದು ಕೆಲಸಕ್ಕೆ ಹೋಗುತ್ತೇವೆ. ಮುಂದಿನ ಸೀಸನ್ನಿಗೆ ಮತ್ತೆ ಜರ್ಸಿ ಹಾಕಿಕೊಳ್ಳುತ್ತೇವೆ. ಎಷ್ಟು ನೋವೋ ಅಷ್ಟೇ ಆಸೆ. ಇದು ಬಮ್ಮರ್‌ನ ಅಳತೆ.

ಆ ಅಳತೆಯ ಆಚೆ ಏನಿದೆ ಅನ್ನುವುದನ್ನೂ ಹೇಳಬೇಕು. 2025ರ ಜೂನ್ 3ರಂದು ಅಹಮದಾಬಾದಿನಲ್ಲಿ ಕಪ್ ಬಂತು. ಮರುದಿನ ಬೆಂಗಳೂರಿನ ಅದೇ ಮೈದಾನದ ಗೇಟುಗಳ ಹತ್ತಿರ ನೂಕುನುಗ್ಗಲಾಯಿತು. 11 ಜನ ಸತ್ತರು. ಆ ಸಂಜೆಯ ಸುದ್ದಿಗೆ ಬಮ್ಮರ್ ಅನ್ನುವ ಪದ ಹತ್ತಿರವೂ ಸುಳಿಯಬಾರದು. ಹಿಂದಿನ ದಿನದವರೆಗೂ ಆ ಆಟದ ಸುತ್ತ ಆಡಬಹುದಾಗಿದ್ದ ಪದ ಅದು. ಒಂದೇ ದಿನದಲ್ಲಿ ಆಡಲೇಬಾರದ ಪದವಾಯಿತು. ಸಾವು, ಗಂಭೀರ ಕಾಯಿಲೆ, ಮನೆ ಮುರಿಯುವಂಥ ಪೆಟ್ಟು, ಇವುಗಳ ಎದುರು ಬಮ್ಮರ್ ಅಂದರೆ ಎದುರಿನವರ ದುಃಖವನ್ನು ಸಣ್ಣದು ಮಾಡಿದಂತೆ. ಆಗ ಹೇಳಬೇಕಾದ್ದು "ಐ ಆಮ್ ಸೋ ಸಾರಿ". ಅಥವಾ ಏನೂ ಹೇಳದೆ ಜೊತೆಗೆ ಕೂರುವುದು.

ಮತ್ತೆ ಪದದ ದಾರಿಗೆ ಬರೋಣ. ಬೇಜಾರಿನ ಸಂಗತಿ ಅನ್ನುವ ಇವತ್ತಿನ ಅರ್ಥ ಬಂದದ್ದು 1960ರ ದಶಕದಲ್ಲಿ. ಆಗ ಅಮೆರಿಕದ ಯುವಜನರ ನಡುವೆ ಎಲ್‌ಎಸ್‌ಡಿ ಅನ್ನುವ ಅಮಲಿನ ವಸ್ತು ಹರಡಿತ್ತು. ಸ್ಯಾನ್ ಫ್ರಾನ್ಸಿಸ್ಕೋದ ಹೇಟ್ ಆಶ್‌ಬರಿ ಅನ್ನುವ ಬಡಾವಣೆ ಹಿಪ್ಪಿಗಳ ಕೇಂದ್ರವಾಗಿತ್ತು. ಕ್ಯಾಲಿಫೋರ್ನಿಯಾ 1966ರ ಅಕ್ಟೋಬರ್‌ನಲ್ಲಿ ಈ ವಸ್ತುವನ್ನು ನಿಷೇಧಿಸಿತು. ಆದರೂ 1967ರ ಬೇಸಿಗೆಯಲ್ಲಿ ಸಾವಿರಾರು ಹುಡುಗ ಹುಡುಗಿಯರು ಅಲ್ಲಿಗೆ ಬಂದು ಸೇರಿದರು. ಅಮಲಿನ ಅನುಭವಕ್ಕೆ ಅವರು ಟ್ರಿಪ್ ಅನ್ನುತ್ತಿದ್ದರು. ಕೆಲವರಿಗೆ ಆ ಟ್ರಿಪ್ ಭಯಾನಕವಾಗುತ್ತಿತ್ತು. ಗಂಟೆಗಟ್ಟಲೆ ಹೆದರಿಕೆ, ನಡುಕ, ಇಲ್ಲದ್ದು ಕಾಣುವುದು. ಆ ಪ್ರದೇಶದಲ್ಲಿ 1967ರ ಜೂನ್‌ನಲ್ಲಿ ತೆರೆದ ಒಂದು ಉಚಿತ ಚಿಕಿತ್ಸಾಲಯ ಇಂಥವರನ್ನೂ ನೋಡಿಕೊಂಡಿತು. ಈ ಕೆಟ್ಟ ಟ್ರಿಪ್ಪಿಗೆ ಬಮ್ ಟ್ರಿಪ್ ಅಂದರು, ಬಮ್ಮರ್ ಅಂದರು.

ಅಲ್ಲಿಂದ ಪದ ಬೇಗ ಹಗುರವಾಯಿತು. ಭಯಾನಕ ರಾತ್ರಿಗೆ ಇದ್ದ ಹೆಸರು ಕೆಲವೇ ವರ್ಷಗಳಲ್ಲಿ ರದ್ದಾದ ಪಿಕ್ನಿಕ್ಕಿಗೂ ಬಂತು. ಆಡುಮಾತಿನಲ್ಲಿ ಹೀಗಾಗುವುದು ಸಹಜ. ನಾವೂ "ಸತ್ತೇ ಹೋದೆ" ಅನ್ನುತ್ತೇವೆ, ಮೆಟ್ಟಿಲು ಹತ್ತಿ ಸುಸ್ತಾದರೆ ಸಾಕು. ಇವತ್ತು ಬಮ್ಮರ್ ಅನ್ನುವ ಅಜ್ಜಿಗೆ ಆ ಹಳೆಯ ಅಮಲಿನ ನಂಟು ನೆನಪಿರಬೇಕೆಂದಿಲ್ಲ. ಮಕ್ಕಳ ಮುಂದೆಯೂ ಧೈರ್ಯವಾಗಿ ಆಡುವ ಪದ ಅದು ಈಗ.

ಇನ್ನು ಬಳಕೆ.

ಒಂಟಿಯಾಗಿ "ಬಮ್ಮರ್!" ಅನ್ನಬಹುದು. "ದಟ್ಸ್ ಎ ಬಮ್ಮರ್" ಅನ್ನಬಹುದು. "ವಾಟ್ ಎ ಬಮ್ಮರ್" ಕೂಡ ಸರಿ. ಇವೆಲ್ಲ ಸಂಗತಿಯ ಬಗ್ಗೆ. ನಿಮ್ಮ ಬಗ್ಗೆ ಹೇಳಿಕೊಳ್ಳಬೇಕಾದರೆ ರೂಪ ಬದಲಾಗುತ್ತದೆ: "ಐ ಆಮ್ ಬಮ್ಡ್", ಅಥವಾ "ಐ ಆಮ್ ಬಮ್ಡ್ ಔಟ್". ಇಲ್ಲಿ ನಮ್ಮವರು ಎಡವುತ್ತಾರೆ. "ಐ ಆಮ್ ಎ ಬಮ್ಮರ್" ಅಂದರೆ ನನಗೆ ಬೇಜಾರಾಗಿದೆ ಅಂತ ಆಗುವುದಿಲ್ಲ. ಎಲ್ಲರ ಮೂಡ್ ಹಾಳು ಮಾಡುವವನು ನಾನು ಅಂತ ಆಗುತ್ತದೆ. "ಐ ಆಮ್ ಎ ಬಮ್" ಅಂದರೆ ಇನ್ನೂ ಕಷ್ಟ. ಕೆಲಸಗೇಡಿ ನಾನು ಅಂದಂತೆ.

ದನಿ ಕೂಡ ಮುಖ್ಯ. ಮೊದಲ ಅಕ್ಷರವನ್ನು ಸ್ವಲ್ಪ ಎಳೆದು, ಕೊನೆಯಲ್ಲಿ ದನಿ ಇಳಿಸಿದರೆ ಅದರಲ್ಲಿ ಮರುಕ ಇರುತ್ತದೆ. ಗಟ್ಟಿಯಾಗಿ, ಚುಟುಕಾಗಿ, ಫೋನ್ ನೋಡಿಕೊಂಡು ಹೇಳಿದರೆ ನನಗೇನಂತೆ ಅಂದಂತೆ ಕೇಳುತ್ತದೆ.

ಲೆಟ್‌ಡೌನ್ ಅನ್ನುವ ಪದವೂ ಹತ್ತಿರದ್ದೇ. ಆದರೆ ಅದಕ್ಕೆ ಮೊದಲು ಒಂದು ನಿರೀಕ್ಷೆ ಇರಬೇಕು. ಬಹಳ ಹೊಗಳಿದ ಸಿನಿಮಾ ಸಪ್ಪೆಯಾಗಿದ್ದರೆ ಅದು ಲೆಟ್‌ಡೌನ್. ಪರ್ಸು ಕಳೆದುಹೋದರೆ ಲೆಟ್‌ಡೌನ್ ಅನ್ನಲಾಗುವುದಿಲ್ಲ, ಬಮ್ಮರ್ ಅನ್ನಬಹುದು. ಬ್ರಿಟನ್ನಿನಲ್ಲಿ ಗಟೆಡ್ ಅಂತ ಒಂದು ಪದ ಇದೆ. ಮೀನನ್ನು ಸೀಳಿ ಕರುಳು ತೆಗೆದಂತೆ ಅನ್ನುವ ಚಿತ್ರ ಅದರೊಳಗಿದೆ. ಫೈನಲ್ ಸೋತ ಫುಟ್‌ಬಾಲ್ ಆಟಗಾರ ಗಟೆಡ್ ಅನ್ನುತ್ತಾನೆ. ಬಮ್ಮರ್‌ಗಿಂತ ಅದು ಎಷ್ಟೋ ಪಾಲು ಜಾಸ್ತಿ. ಇನ್ನೊಂದು ಎಚ್ಚರಿಕೆ: ಬ್ರಿಟನ್ನಿನಲ್ಲಿ ಬಮ್ ಅಂದರೆ ಪೃಷ್ಠ. ಬಮ್ಮರ್ ಪದವನ್ನು ಅಲ್ಲಿ ಸಲಿಂಗಿಗಳನ್ನು ಹಳಿಯುವ ಕೊಳಕು ಬೈಗುಳವಾಗಿಯೂ ಬಳಸಿದ್ದಾರೆ. ಆದ್ದರಿಂದ ಅಲ್ಲಿ "ದಟ್ಸ್ ಎ ಬಮ್ಮರ್" ಅಂತ ಸಂಗತಿಗೆ ಮಾತ್ರ ಹೇಳಿ, ಮನುಷ್ಯರಿಗೆ ಅಂಟಿಸಬೇಡಿ.

ಈಗ ನನಗೆ ಜಾಸ್ತಿ ಮುಖ್ಯವಾದ ವಿಷಯ. ನಿಮ್ಮಲ್ಲಿ ಹಲವರು ನಾಳೆ ಅಮೆರಿಕಕ್ಕೆ ಹೋಗಬಹುದು, ಅಥವಾ ಇಲ್ಲೇ ಕೂತು ಅಲ್ಲಿನವರ ಜೊತೆ ಕೆಲಸ ಮಾಡಬಹುದು. ಆಗ ಎದುರಾಗುವ ಒಂದು ಸನ್ನಿವೇಶ ಹೇಳುತ್ತೇನೆ. ಅಮೆರಿಕದಲ್ಲಿ ಕೆಲಸ ಮಾಡಲು ಹೊರಗಿನವರಿಗೆ ಕೊಡುವ ಎಚ್-1ಬಿ ವೀಸಾ ನಿಮಗೆಲ್ಲ ಗೊತ್ತು. ವರ್ಷಕ್ಕೆ ಮಾಮೂಲಿ ಕೋಟಾ 65,000. ಅಮೆರಿಕದಲ್ಲೇ ಮಾಸ್ಟರ್ಸ್ ಅಥವಾ ಅದಕ್ಕಿಂತ ಮೇಲಿನ ಪದವಿ ಪಡೆದವರಿಗೆ ಇನ್ನೂ 20,000. ಅರ್ಜಿಗಳು ಅದಕ್ಕಿಂತ ಎಷ್ಟೋ ಜಾಸ್ತಿ ಬರುವುದರಿಂದ ವರ್ಷಗಳ ಕಾಲ ಲಾಟರಿ ಎತ್ತಿ ಆರಿಸುತ್ತಾ ಬಂದಿದ್ದಾರೆ. ಒಬ್ಬ ಹುಡುಗ ಸಾಲ ಮಾಡಿ ಓದಿದ್ದಾನೆ. ಹಾಸನದಲ್ಲೋ ಹುಬ್ಬಳ್ಳಿಯಲ್ಲೋ ತಂದೆ ಬಡ್ಡಿ ಕಟ್ಟುತ್ತಿದ್ದಾರೆ. ಲಾಟರಿಯಲ್ಲಿ ಹೆಸರು ಬರಲಿಲ್ಲ. ಆಫೀಸಿಗೆ ಹೋಗಿ ಪಕ್ಕದವನಿಗೆ ಹೇಳುತ್ತಾನೆ. ಪಕ್ಕದವನು ಅನ್ನುತ್ತಾನೆ, "ಓ, ಬಮ್ಮರ್."

ಹುಡುಗನಿಗೆ ಎದೆಗೆ ಚುಚ್ಚಿದಂತಾಗುತ್ತದೆ. ನನ್ನ ಬದುಕೇ ಅಲ್ಲಾಡುತ್ತಿದೆ, ಇವನಿಗೆ ಇಷ್ಟೇನಾ ಅನ್ನಿಸುತ್ತದೆ.

ಇಲ್ಲಿ ಇಬ್ಬರಲ್ಲಿ ಯಾರೂ ಕೆಟ್ಟವರಲ್ಲ. ಲಾಟರಿ ಅನ್ನುವ ಪದ ಕೇಳಿದ ಅಮೆರಿಕನ್ನನಿಗೆ ಅದರ ಹಿಂದಿನ ಸಾಲ, ತಂದೆ, ಊರು ಯಾವುದೂ ಕಾಣುವುದಿಲ್ಲ. ಈ ಸಲ ಇಲ್ಲ, ಮುಂದಿನ ಸಲ ಬರುತ್ತದೆ ಅಂದುಕೊಂಡು ಆ ಅಳತೆಯ ಪದ ಆಡಿದ್ದಾನೆ. ಕಾಳಜಿ ಇಲ್ಲ ಅಂತಲ್ಲ, ಅಳತೆ ತಿಳಿದಿಲ್ಲ. ಹುಡುಗ ಮಾಡಬೇಕಾದ್ದು ಒಂದೇ. ಇನ್ನೊಂದು ವಾಕ್ಯ ಸೇರಿಸಬೇಕು. ನಾನು ದೇಶ ಬಿಡಬೇಕಾಗಬಹುದು, ಮನೆಯಲ್ಲಿ ಸಾಲ ಇದೆ ಅಂತ ಹೇಳಬೇಕು. ಆಗ ಆ ಪಕ್ಕದವನ ಮುಖವೇ ಬದಲಾಗುವ ಸಾಧ್ಯತೆ ಇದೆ. ಊಟಕ್ಕೆ ಕರೆದುಕೊಂಡು ಹೋಗಬಹುದು, ವಕೀಲರ ಹೆಸರು ಕೊಡಬಹುದು. ಪರದೇಶದಲ್ಲಿ ನಮ್ಮ ದುಃಖದ ಅಳತೆಯನ್ನು ನಾವೇ ಬಾಯಿಬಿಟ್ಟು ಹೇಳಬೇಕಾಗುತ್ತದೆ. ನಮ್ಮೂರಿನಲ್ಲಿ ಹಾಗಲ್ಲ. ಮುಖ ನೋಡಿಯೇ ಪಕ್ಕದ ಮನೆಯವರು ಅರ್ಧ ಕತೆ ಊಹಿಸಿರುತ್ತಾರೆ.

ನಮ್ಮ ರೀತಿಯ ಬಗ್ಗೆಯೂ ಒಂದು ಮಾತು ಹೇಳಬೇಕು, ಬೇಜಾರು ಮಾಡಿಕೊಳ್ಳಬೇಡಿ. ರೈಲು ತಪ್ಪಿತು ಅಂತ ಮನೆಗೆ ಫೋನ್ ಮಾಡಿ ನೋಡಿ. "ಅಯ್ಯೋ, ಬೇಗ ಹೊರಡಬಾರದಿತ್ತಾ? ನಾನು ಬೆಳಗ್ಗೆಯೇ ಹೇಳಿದ್ದೆ. ಈಗ ಬಸ್ ನೋಡು." ಇದು ಪ್ರೀತಿಯೇ, ನನಗೆ ಅದರಲ್ಲಿ ಅನುಮಾನ ಇಲ್ಲ. ಆದರೆ ರೈಲು ತಪ್ಪಿಸಿಕೊಂಡವರಿಗೆ ಆ ಕ್ಷಣಕ್ಕೆ ಬೇಕಾದ್ದು ಕಾರಣದ ವಿಚಾರಣೆಯಲ್ಲ, ಪರಿಹಾರವೂ ಅಲ್ಲ. ಬೇಜಾರಾಗಿದೆ ಅನ್ನುವುದನ್ನು ಇನ್ನೊಬ್ಬರು ಒಪ್ಪಿಕೊಂಡರೆ ಸಾಕು. ಬಮ್ಮರ್ ಮಾಡುವ ಕೆಲಸ ಅದೇ. ತಪ್ಪು ಯಾರದು ಅಂತ ಕೇಳುವುದಿಲ್ಲ, ಸಲಹೆ ಕೊಡುವುದಿಲ್ಲ, ನಿನ್ನ ಹಣೆಬರಹ ಅನ್ನುವುದಿಲ್ಲ. ನಿನ್ನ ಬೇಜಾರು ನನಗೆ ಕಾಣಿಸಿತು ಅನ್ನುತ್ತದೆ.

ಕನ್ನಡದಲ್ಲಿ ಹಾಗೆ ಹೇಳಲು ಬರುವುದಿಲ್ಲ ಅಂತ ನಾನು ಹೇಳುತ್ತಿಲ್ಲ. "ಛೇ, ಹಾಗಾಗಬಾರದಿತ್ತು" ಅಂತ ಒಂದು ಮಾತಿದೆ ನಮ್ಮಲ್ಲಿ. ಎಷ್ಟು ಒಳ್ಳೆಯ ಮಾತು ಅದು! ಹಿರಿಯರು ಅದನ್ನು ಹೇಳಿ ಸುಮ್ಮನಾಗುತ್ತಿದ್ದರು. ನಾವು ಅದನ್ನು ಹೇಳಿದ ಮರುಕ್ಷಣವೇ "ಆದ್ರೆ" ಸೇರಿಸುತ್ತೇವೆ. ಆ "ಆದ್ರೆ"ಯನ್ನು ಹತ್ತು ನಿಮಿಷ ತಡೆದುಕೊಳ್ಳಿ. ಸಲಹೆ ಬೇಕಿದ್ದರೆ ಅವರೇ ಕೇಳುತ್ತಾರೆ.

ಇನ್ನು ಪ್ರಶ್ನೆಗಳು.

ಒಬ್ಬ ವಿದ್ಯಾರ್ಥಿನಿ ಕೇಳಿದರು: ಆಫೀಸ್ ಮೇಲ್‌ನಲ್ಲಿ ಈ ಪದ ಬರೆಯಬಹುದಾ ಸರ್?

ಸಹೋದ್ಯೋಗಿಯ ಜೊತೆಗಿನ ಚಾಟ್‌ನಲ್ಲಿ ಧಾರಾಳವಾಗಿ ಬರೆಯಿರಿ. ಗ್ರಾಹಕರಿಗೆ, ಮೇಲಧಿಕಾರಿಗೆ ಕಳಿಸುವ ಮೇಲ್‌ನಲ್ಲಿ ಬೇಡ. ಅದರಲ್ಲೂ ಕೆಟ್ಟ ಸುದ್ದಿ ಕೊಡುತ್ತಿರುವವರು ನೀವೇ ಆಗಿದ್ದರೆ ಖಂಡಿತ ಬೇಡ. ಸರಕು ತಡವಾಗಿದೆ, ಬಮ್ಮರ್ ಅಂತ ಬರೆದರೆ ಹೊಣೆ ಕೊಡವಿಕೊಂಡಂತೆ ಕಾಣುತ್ತದೆ. ಯಾರ ಕೈಯಲ್ಲೂ ಇಲ್ಲದ ಸಂಗತಿಗೆ ಈ ಪದ ಒಪ್ಪುತ್ತದೆ. ನಿಮ್ಮ ಕೈಯಲ್ಲಿ ಇದ್ದದ್ದು ತಪ್ಪಿದ್ದರೆ ಕ್ಷಮೆ ಕೇಳಬೇಕು.

ಇನ್ನೊಬ್ಬರು ಕೇಳಿದರು: ಯಾರಾದರೂ ನಮಗೆ ಬಮ್ಮರ್ ಅಂದರೆ ಏನು ಉತ್ತರ ಕೊಡಬೇಕು? ಥ್ಯಾಂಕ್ಸ್ ಅನ್ನಬೇಕಾ?

ಥ್ಯಾಂಕ್ಸ್ ಬೇಕಿಲ್ಲ. "ಯಾ, ಐ ನೋ" ಅಂದರೆ ಸಾಕು, ಹೌದು ನೋಡಿ ಅನ್ನುವ ಹಾಗೆ. "ಓ ವೆಲ್" ಅಂದರೆ ಹೋಗ್ಲಿ ಬಿಡಿ ಅಂದಂತೆ, ಮಾತು ಅಲ್ಲಿಗೆ ಮುಗಿಯುತ್ತದೆ. ಮಾತು ಮುಗಿಯುವುದು ನಿಮಗೆ ಇಷ್ಟವಿಲ್ಲದಿದ್ದರೆ "ಓ ವೆಲ್" ಅನ್ನಬೇಡಿ. "ಇಟ್ಸ್ ಬೀನ್ ರಿಯಲಿ ಹಾರ್ಡ್" ಅನ್ನಿ. ನಿಜವಾಗಿ ತುಂಬಾ ಕಷ್ಟವಾಗಿದೆ ಅಂತ. ಅಷ್ಟು ಕೇಳಿದ ಮೇಲೆ ಹೆಚ್ಚಿನವರು ಕುರ್ಚಿ ನಿಮ್ಮ ಕಡೆ ತಿರುಗಿಸಿ ಏನಾಯಿತು ಅಂತ ಕೇಳುತ್ತಾರೆ.